ನಾನು ಅವಸರಪಡಿಸಿದ ಗಾಯಕಿ

ಮೊನ್ನೆ ಮಗಳು ಫೋನಿನಲ್ಲಿ ಒಂದು ಹಾಡು ಹಚ್ಚಿ, "ಅಪ್ಪಾ, ನಿನ್ನ ಜಾಝ್ ಹಾಡೂ ಬಾಯಾರು ಸಿಕ್ಕಾರ ನೋಡು" ಎಂದಳು. ಕೇಳಿದೆ. ದನಿ ದಪ್ಪ, ನಡಿಗೆ ನಿಧಾನ. "ಈಕಿ ಅಲ್ಲ. ನಮ್ಮಾಕಿ ದನಿ ಎಳೇದು, ಚುರುಕು" ಎಂದು ತೀರ್ಪು ಕೊಟ್ಟೆ. ಮಗಳು ಕಪಾಟಿನಿಂದ ನನ್ನ ಹಳೆಯ ಕ್ಯಾಸೆಟ್ಟು ತಂದು ಫೋನಿನ ಪಕ್ಕ ಹಿಡಿದಳು. ಅದೇ ಮುಖ, ಅದೇ ಹಾಡುಗಳ ಪಟ್ಟಿ.

ಈ ಕಥೆ ಕೇಳಿ ನಗಬೇಡಿ ಎನ್ನುವ ಅಧಿಕಾರ ನನಗಿಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಲು ಸೇರಿದ ಹೊಸದರಲ್ಲಿ ಗಾಂಧಿ ಚೌಕದ ಅಂಗಡಿಯೊಂದರಲ್ಲಿ ಆ ಕ್ಯಾಸೆಟ್ಟು ಕೊಂಡಿದ್ದೆ. ಇಡೀ ಊರಿನಲ್ಲಿ ಜಾಝ್ ಕೇಳುವವನು ನಾನೊಬ್ಬನೇ ಎಂಬ ಹಮ್ಮು ಬೇರೆ. ಅದರಲ್ಲಿದ್ದವು ಅಮೆರಿಕದ ಹಳೆಯ ಹಾಡುಗಳು, ನೂರು ಜನ ಹಾಡಿ ಬಿಟ್ಟಂಥವು. ಅವನ್ನೇ ತನ್ನವಾಗಿಸಿ ಹಾಡುವುದು ಗಾಯಕಿಯ ಹೆಚ್ಚುಗಾರಿಕೆ ಎಂದು ಎಲ್ಲೋ ಓದಿದ್ದೆ. ಆದರೆ ಈಕೆ ಪ್ರತಿ ಸಾಲಿಗೂ ತಡವಾಗಿ ಬರುತ್ತಿದ್ದಳು. ವಾದ್ಯಗಳು ಮುಂದೆ, ಈಕೆ ಹಿಂದೆ, ಬಸ್ಸು ಹೊರಟರೂ ಸೆರಗು ಸರಿಮಾಡಿಕೊಳ್ಳುತ್ತಾ ಬರುವವರ ಹಾಗೆ. ಟೇಪ್‌ರೆಕಾರ್ಡರ್ ಕೆಟ್ಟಿದೆ ಎಂದುಕೊಂಡೆ.

ಆಗ ಸಾರವಾಡದಿಂದ ಅಕ್ಕ ಬಂದಿದ್ದಳು. ಬೀಸುಕಲ್ಲಿನ ಮುಂದೆ ಕೂತರೆ ಬುಟ್ಟಿಯ ಜೋಳ ಮುಗಿಯುವವರೆಗೂ ಬೀಸುವ ಪದ ಹಾಡುವುದು ನಿಲ್ಲಿಸದವಳು. ಅಡುಗೆಮನೆಯಿಂದಲೇ ಕೇಳಿ ಹೇಳಿದಳು: "ತಮ್ಮಾ, ಆಕಿ ತಡಾ ಮಾಡಾಕತ್ತಿಲ್ಲೋ. ಬೇಕಂತ ನಿಂದರಾಕತ್ಯಾಳ. ಕಲ್ಲು ತನ್ನ ಪಾಡಿಗೆ ತಿರಗತೈತಿ. ಮಾತು ಯಾವಾಗ ಬಿಡಬೇಕು ಅನ್ನೂದು ಹಾಡಾಕಿ ಮರ್ಜಿ."

"ಇದು ಬೀಸೂ ಪದ ಅಲ್ಲ ಬೇ ಅಕ್ಕಾ, ಜಾಝ್. ನಿನಗೇನ ತಿಳಿತೈತಿ?"

 ಆಮೇಲೆ ಅಕ್ಕ ಎಷ್ಟೋ ಸಲ ಬಂದಳು, ಉಂಡಳು, ನಕ್ಕಳು. ನನ್ನ ಮನೆಯಲ್ಲಿ ಮಾತ್ರ ಮತ್ತೆ ಹಾಡಲಿಲ್ಲ.

ಜೋರಾಪುರ ಪೇಟೆಯಲ್ಲಿ ರಿಪೇರಿ ಮಾಡುತ್ತಿದ್ದ ಮೌಲಾಸಾಬರ ಹತ್ತಿರ ಟೇಪ್‌ರೆಕಾರ್ಡರ್ ಒಯ್ದರೆ ಅವರೂ ಅದು ಕೆಟ್ಟಿಲ್ಲ ಎಂದರು. "ಮಶೀನ್ ಬರೋಬ್ಬರಿ ಐತ್ರಿ ಸರ. ಬಾಜಾ ಎಲ್ಲಾ ಟೈಮಿಗೆ ಬರಾಕತ್ತಾವು, ಬಾಯಾರಷ್ಟ ತಡಾ ಮಾಡಾಕತ್ತಾರ." ನಾನು ಬಿಡಬೇಕಲ್ಲ! ಮಶೀನೇ ನಿಧಾನ ಎಂದು ಹಟ ಹಿಡಿದೆ. "ಕಲತವರು ನೀವು ಅಂತೀರಿ ಅಂದ್ರ ಆತ್ರಿ" ಎಂದು ಅವರು ಮೋಟಾರಿನ ಸಣ್ಣ ಸ್ಕ್ರೂ ತಿರುವಿ ವೇಗ ಹೆಚ್ಚಿಸಿಕೊಟ್ಟರು.

ಗಾಯಕಿ ಪಾಪ ಓಡತೊಡಗಿದಳು, ದನಿಯೂ ಏರಿ ಎಳೆಯದಾಯಿತು. ಈಗಲೂ ವಾದ್ಯಗಳ ಹಿಂದೆಯೇ ಇದ್ದಳು, ಆದರೆ ಓಡುತ್ತಾ ಬರುತ್ತಿದ್ದಳಲ್ಲ, ನನಗೆ ಸಮಾಧಾನ. ಹೆಂಡತಿಯ ಭಜನೆಯ ಕ್ಯಾಸೆಟ್ಟುಗಳೆಲ್ಲ ಒಮ್ಮೆಲೇ ಕೀಚುದನಿಯಲ್ಲಿ ಹಾಡಿದಾಗ, ಅಗ್ಗದ ಮಾಲು ತಂದರೆ ಹೀಗೇ ಎಂದು ಅವಳಿಗೇ ಬುದ್ಧಿ ಹೇಳಿದೆ. ಸಹೋದ್ಯೋಗಿಗಳನ್ನು ಚಹಾಕ್ಕೆ ಕರೆದು ಆ 'ಎಳೆಯ ದನಿ'ಯ ಮೇಲೆ ವರ್ಷಗಟ್ಟಲೆ ಉಪನ್ಯಾಸ ಬಿಗಿದೆ. ಅವರು ಚಹಾದ ಋಣಕ್ಕೆ ತಲೆಯಾಡಿಸಿದರು.

ಮೊನ್ನೆ ಮಗಳು ಆ ಕ್ಯಾಸೆಟ್ಟು ತೋರಿಸಿದ ಮರುದಿನವೇ ಅವಳ ಫೋನು ತಗೊಂಡು ಸಾರವಾಡದ ಬಸ್ಸು ಹತ್ತಿದೆ. ಮೊಮ್ಮಕ್ಕಳ ಗದ್ದಲದ ನಡುವೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಮಾತಿಲ್ಲದೆ ಹಾಡು ಹಚ್ಚಿದೆ. ಹಂಚಿನ ಮೇಲೆ ಕಣ್ಣಿಟ್ಟೇ ಕೇಳಿದಳು.

"ಈಕಿ ನೀ ಕೆಡಿಸೂಕಿಂತ ಮೊದಲಿನಾಕಿ ಅಲ್ಲೇನು?"

"ಹೂಂ ಅಕ್ಕಾ. ನಂದ ತಪ್ಪಾತು. ಆಕಿನ್ನೂ ಓಡಿಸಿದೆ, ನಿನ್ನ ಬಾಯೀನೂ ಮುಚ್ಚಿಸಿದೆ."

 ಹಾಡು ಮುಗಿಯಿತು. ಅಕ್ಕನ ಕೈ ರೊಟ್ಟಿ ಬಡಿಯುತ್ತಲೇ ಇತ್ತು. ಆ ಬಡಿತದ ಮೇಲೆ ಮೆಲ್ಲಗೆ ಒಂದು ಬೀಸುವ ಪದ ಎತ್ತಿದಳು. ಎರಡನೆಯ ಸಾಲಿನ ನಡುವೆ ನಿಂತಳು. ಬಡಿತ ಮುಂದೆ ಹೋಯಿತು, ಮಾತು ಬರಲಿಲ್ಲ. ಮರೆತಳೇನೋ ಎಂದು ನಾನೇ ಮುಂದಿನ ಮಾತು ಹೇಳಹೋದೆ. ಹಿಟ್ಟಿನ ಕೈ ನನ್ನ ಬಾಯಿಗೆ ಅಡ್ಡ ಬಂತು.

"ತಡಿಯಲೇ, ಬರತೈತಿ."

ತಡೆದೆ. ಬಂತು. ಕಣ್ಣು ತುಂಬಿದವು. ಹೊಗೆ ಎನ್ನೋಣವೆಂದರೆ ಗ್ಯಾಸಿನ ಒಲೆ.