ಗಂಟೆಗೂ ಒಂದು ಬಾಳೆಹಣ್ಣು

ಹರಿಹರದ ನಮ್ಮ ಶಿಶುವಿಹಾರಕ್ಕೆ ಟಿವಿ ಬಂದದ್ದು ತೊಂಬತ್ತರ ದಶಕದ ಕೊನೆಯ ಒಂದು ಜೂನ್ ತಿಂಗಳಲ್ಲಿ, ಜೋಳದ ಚೀಲಗಳ ಜೊತೆ. ಶಾಲೆಯ ಅಧ್ಯಕ್ಷರು ದಾವಣಗೆರೆಯಲ್ಲಿ ಧಾನ್ಯದ ಅಂಗಡಿ ಇಟ್ಟಿದ್ದವರು. ಹರಿಹರಕ್ಕೆ ಮಾಲು ಬರುವ ಟೆಂಪೊದಲ್ಲೇ ಟಿವಿಯನ್ನೂ ಕ್ಯಾಸೆಟ್ ಹಾಕುವ ಯಂತ್ರವನ್ನೂ ಕಳಿಸಿದ್ದರು. ಎರಡನ್ನೂ ಇಳಿಸಿ ಧೂಳು ಒರೆಸಿ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಕೂರಿಸುವಷ್ಟರಲ್ಲಿ ಪ್ರಾರ್ಥನೆಯ ಹೊತ್ತಾಯಿತು. ಪ್ರಾರ್ಥನೆಯನ್ನು ಹೊತ್ತಿಗೆ ಸರಿಯಾಗಿ ಮಾಡಿಸಿದೆ.

ನಾನು ಅಲ್ಲಿ ಮುಖ್ಯೋಪಾಧ್ಯಾಯಿನಿ. ಮನೆ ದಾವಣಗೆರೆಯ ವಿದ್ಯಾನಗರದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸ್ಸು ತಡವಾಗಿ ಬರುತ್ತದೆಂದು ಗೊತ್ತಿದ್ದುದರಿಂದ ಅದಕ್ಕೂ ಮುಂಚಿನ ಬಸ್ಸಿಗೆ ಹೋಗುತ್ತಿದ್ದೆ. ಅದೂ ತಡವಾಗಿಯೇ ಬರುತ್ತಿತ್ತು, ಆದರೆ ನನಗೆ ತಡವಾಗುತ್ತಿರಲಿಲ್ಲ. ನನ್ನ ಜೊತೆ ಶಾಮನೂರಿನಿಂದ ಬರುವ ಚಿಕ್ಕ ವಯಸ್ಸಿನ ಟೀಚರ್ ಇದ್ದಳು. ನಾವಿಬ್ಬರು, ಒಬ್ಬ ಆಯಾ, ಎರಡು ಕೋಣೆ. ಅಷ್ಟೇ ಶಾಲೆ.

ಅಧ್ಯಕ್ಷರು ತಮ್ಮ ಬೀಗರ ಮನೆಯಲ್ಲಿ ಮೊಮ್ಮಗನೊಬ್ಬ ವಿಡಿಯೊ ನೋಡಿ ಅಂಕಿ ಕಲಿತದ್ದನ್ನು ಕಂಡು ಬಂದಿದ್ದರು. ಕಂಡದ್ದನ್ನು ಕೂಡಲೇ ವ್ಯವಹಾರಕ್ಕೆ ತರುವುದು ಅವರ ಸ್ವಭಾವ.

"ನೋಡ್ರಿ ಮೇಡಂ, ಅಂಕಿ ಪಾಠ ಪೂರ್ತಿ ಈ ಪೆಟ್ಟಿಗೇನೇ ಮಾಡ್ಲಿ. ಆಯಾ ಬಟನ್ ಒತ್ತಲಿ. ಹುಡುಗ್ರು ಕಲಿತ್ರೆ ಬರೋ ವರ್ಷದಿಂದ ಎರಡನೇ ಟೀಚರ್ ಯಾಕ ಬೇಕು?"

"ಕಲಿಯದಿದ್ದರೆ?" ಎಂದೆ.

"ಕಲಿಯದಿದ್ರೆ ನೋಡೋಣು. ಫೆಬ್ರವರಿಯಾಗ ನಾನೇ ಬಂದು ಪರೀಕ್ಷೆ ಮಾಡ್ತೀನಿ. ಅಲ್ಲೀತನಕ ಪೆಟ್ಟಿಗೆ ಮಾತಾಡಬೇಕಾದ್ರೆ ನೀವ್ಯಾರೂ ನಡುವೆ ಮಾತಾಡಬ್ಯಾಡ್ರಿ. ಆಮೇಲೆ ಯಾರು ಕಲಿಸಿದ್ದು ಅಂತ ಗೊತ್ತಾಗಂಗಿಲ್ಲ."

ನ್ಯಾಯವಾದ ಮಾತು. ವೇಳಾಪಟ್ಟಿಯಲ್ಲಿ ಅಂಕಿಯ ಪಾಠದ ಎದುರಿಗಿದ್ದ ಟೀಚರ್ ಹೆಸರನ್ನು ಹೊಡೆದು 'ಟಿವಿ' ಎಂದು ಬರೆದೆ. ಎಣಿಸಲು ಕೊಡುತ್ತಿದ್ದ ಹುಣಸೆಬೀಜಗಳನ್ನು ಬೀರುವಿಗೆ ಹಾಕಿಸಿದೆ.

ಸಂಜೆ ಬಸ್ಸು ದಾವಣಗೆರೆ ಹತ್ತಿರ ಬಂದಾಗ ಟೀಚರ್ ಬಾಯಿ ಬಿಟ್ಟಳು.

"ಕೆಲಸ ಇರೋತನಕ ಮದುವೆ ಮಾತು ಎತ್ತಲ್ಲ ಅಂತ ನಮ್ಮಪ್ಪ ಒಪ್ಕಂಡಾರ್ರಿ ಮೇಡಂ. ಕೆಲಸ ಹೋತು ಅಂದ್ರೆ ಏಪ್ರಿಲ್‌ನಾಗೆ ಅಕ್ಕಿಕಾಳು ಹಾಕಿಬಿಡ್ತಾರೆ. ನಂದಿನ್ನೂ ಬಿ.ಎ. ಕೊನೇ ವರ್ಷದ ಪರೀಕ್ಷೆ ಐತೆ."

"ಹುಡುಗ ಗೊತ್ತಾಗಿದ್ದಾನಾ?"

"ಸೋದರಮಾವನ ಮಗ ರಿ. ಒಳ್ಳೇನೇ. ನನಗೆ ಈಗ ಬ್ಯಾಡ, ಅಷ್ಟೇ."

"ಪರೀಕ್ಷೆಗೆ ಓದುತ್ತಿದ್ದೀಯಾ?"

"ಓದ್ತಾ ಇದೀನ್ರಿ."

"ಓದು" ಎಂದೆ.

ಕ್ಯಾಸೆಟ್ ಚೆನ್ನಾಗಿಯೇ ಇತ್ತು. ಒಂದು ಕೊಳ, ದಡದಲ್ಲಿ ಇಪ್ಪತ್ತು ಬಾತುಕೋಳಿ. ಒಂದು ಬಾತು ನೀರಿಗೆ ಇಳಿಯುತ್ತದೆ, ಹೆಂಗಸಿನ ದನಿ 'ಒಂದು' ಎನ್ನುತ್ತದೆ, ಟಿಂಗ್ ಎಂದು ಗಂಟೆ ಬಾರಿಸುತ್ತದೆ. ಇನ್ನೊಂದು ಇಳಿಯುತ್ತದೆ, 'ಎರಡು', ಟಿಂಗ್. ಇಪ್ಪತ್ತನೆಯದು ಇಳಿದ ಮೇಲೆ ಸಂಗೀತ. ಬಾತುಗಳು ಯಾವತ್ತೂ ಗಲಾಟೆ ಮಾಡದೆ ಸಾಲಾಗಿ ಇಳಿಯುತ್ತಿದ್ದವು. ಆ ಮಟ್ಟಿಗೆ ನನಗೆ ಅವುಗಳ ಮೇಲೆ ಗೌರವವಿತ್ತು. ಕರೆಂಟ್ ಹೋದ ದಿನ ಬಾತು ಅರ್ಧ ಇಳಿದು ಮಾಯವಾಗುತ್ತಿತ್ತು. ಮಕ್ಕಳು ಕಪ್ಪು ಗಾಜನ್ನೇ ನೋಡುತ್ತಾ ಅದು ಇಳಿಯುವುದನ್ನು ಕಾಯುತ್ತಿದ್ದರು. ಟೀಚರ್ ಕಿಟಕಿಯ ಪಕ್ಕ ಕೂತು, ಅಧ್ಯಕ್ಷರು ಹೇಳಿದಂತೆ, ಬಾಯಿ ತೆರೆಯುತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ತರಗತಿಯೆಲ್ಲ ಇಪ್ಪತ್ತರವರೆಗೆ ತಪ್ಪಿಲ್ಲದೆ ಹೇಳುತ್ತಿತ್ತು. ಕ್ಯಾಸೆಟ್ಟಿನಲ್ಲಿ ಇದ್ದ ಹಾಗೆಯೇ, ಪ್ರತಿ ಅಂಕಿಯ ಹಿಂದೆ ಟಿಂಗ್ ಸೇರಿಸಿ. ಗೇಟಿನ ಹತ್ತಿರ ಒಬ್ಬ ತಾಯಿ ನನ್ನನ್ನು ನಿಲ್ಲಿಸಿದರು.

"ಅಕ್ಕೋರೆ, ನಮ್ಮ ಹುಡುಗಿ ನಿದ್ದೆಗಣ್ಣಾಗೂ ಟಿಂಗ್ ಟಿಂಗ್ ಅಂತಾಳೆ."

"ಇಪ್ಪತ್ತರವರೆಗೂ ಹೇಳುತ್ತಾಳಾ?"

"ಹೇಳ್ತಾಳ್ರಿ."

"ಹಾಗಾದರೆ ಹೇಳಲಿ ಬಿಡಿ."

ಫೆಬ್ರವರಿಯಲ್ಲಿ ಅಧ್ಯಕ್ಷರು ಬಂದರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮಕ್ಕಳಿಗೆಂದು ಬಾಳೆಹಣ್ಣಿನ ಚೀಲ. ಟಿವಿ ಹಾಕಬಾರದು ಎಂದು ಅವರೇ ಹೇಳಿದರು. ಮಕ್ಕಳು ಎದ್ದು ನಿಂತು, ಕೈಕಟ್ಟಿ, ಒಂದರಿಂದ ಇಪ್ಪತ್ತರವರೆಗೆ ಒಂದೇ ದನಿಯಲ್ಲಿ ಹೇಳಿ ಮುಗಿಸಿದರು. ಕೊನೆಯ ಸಂಗೀತವನ್ನೂ ಬಾಯಲ್ಲೇ ನುಡಿಸಿದರು.

ಅಧ್ಯಕ್ಷರ ಮುಖ ಅರಳಿತು. "ಭೇಷ್. ಏನ್ರಿ ಟೀಚರ್, ಪೆಟ್ಟಿಗೆ ಗೆದ್ದಂಗಾತಲ್ಲ?"

"ಹೌದ್ರಿ ಸಾವ್ಕಾರ್ರೆ" ಎಂದಳು ಟೀಚರ್.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ವ್ಯಾಪಾರಸ್ಥರು ಮಾಲು ಕೈಯಲ್ಲಿ ಹಿಡಿದು ನೋಡದೆ ಬಿಡುವುದಿಲ್ಲ. ಅವರು ಚೀಲದಿಂದ ಒಂದು ಚಿಪ್ಪು ತೆಗೆದು, ಹಣ್ಣುಗಳನ್ನು ಬಿಡಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮುಂದಿನ ಸಾಲಿನಲ್ಲಿದ್ದ ಎರಡು ಜಡೆಯ ಹುಡುಗಿಯನ್ನು ಕರೆದರು.

"ಬಾರವ್ವ. ಇವೆಷ್ಟು ಅದಾವೆ, ಎಣಿಸಿ ಹೇಳು."

ಹುಡುಗಿ ಮೊದಲ ಹಣ್ಣನ್ನು ಮುಟ್ಟಿ 'ಒಂದು' ಎಂದಳು. ಎರಡನೆಯ ಹಣ್ಣನ್ನು ಮುಟ್ಟಿ 'ಟಿಂಗ್' ಎಂದಳು. ಮೂರನೆಯದನ್ನು ಮುಟ್ಟಿ 'ಎರಡು'. ನಾಲ್ಕನೆಯದಕ್ಕೆ ಮತ್ತೆ 'ಟಿಂಗ್'. ಹೀಗೆ ಅಚ್ಚುಕಟ್ಟಾಗಿ, ಒಂದನ್ನೂ ಬಿಡದೆ, ಕೊನೆಯ ಹಣ್ಣಿನವರೆಗೆ ಹೋಗಿ ಕೈಕಟ್ಟಿ ನಿಂತಳು.

"ಆರು."

"ಆರಾ?" ಅಧ್ಯಕ್ಷರು ಹಣ್ಣುಗಳನ್ನು ನೋಡಿದರು. "ಡಜನ್ ಅಂತ ಕೊಟ್ಟಾನಲ್ಲ ಹಣ್ಣಿನವನು."

ಇನ್ನೊಬ್ಬ ಹುಡುಗನನ್ನು ಕರೆದರು. ಅವನೂ ಆರು ಎಂದ. ಎಷ್ಟು ಎಂದು ತರಗತಿಯನ್ನೆಲ್ಲ ಕೇಳಿದರು. ಆರು ಎಂದು ತರಗತಿ ಹೇಳಿತು. ಅಷ್ಟು ಜನ ಒಮ್ಮತದಿಂದ ಹೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ತಾವೇ ಎಣಿಸತೊಡಗಿದರು.

"ಲಾಭ, ಎರಡು, ಮೂರು, ನಾಲ್ಕು..."

ಧಾನ್ಯ ಅಳೆಯುವವರು ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಶುಭವಾಗಲೆಂದು ಲಾಭ ಎನ್ನುತ್ತಾರೆ. ಆಯುಷ್ಯವೆಲ್ಲ ಹಾಗೆ ಎಣಿಸಿದವರು ಬಾಳೆಹಣ್ಣಿಗೆಂದು ಬೇರೆ ಲೆಕ್ಕ ಇಟ್ಟುಕೊಂಡಿರುವುದಿಲ್ಲ. ಅವರು ಹನ್ನೆರಡಕ್ಕೆ ಮುಟ್ಟಿ ತಲೆ ಎತ್ತಿದರು. ಜಡೆಯ ಹುಡುಗಿ ಅವರನ್ನೇ ನೋಡುತ್ತಿದ್ದಳು.

"ಅಜ್ಜ, ನೀನು ಒಂದು ಅನ್ಲೇ ಇಲ್ಲ."

"ಆಂ?"

"ಟಿಂಗೂ ಅನ್ಲಿಲ್ಲ. ಒಂದೂ ಬಿಟ್ಟಿ, ಟಿಂಗೂ ಬಿಟ್ಟಿ. ಅದಕ್ಕೇ ನಿಂಗೆ ತಪ್ಪಾತು."

ಹಿಂದಿನ ಸಾಲಿನಿಂದ ಒಬ್ಬ, "ಅಜ್ಜಗೆ ಟಿವಿ ತೋರಿಸ್ರಿ ಟೀಚರ್" ಎಂದ.

ನಾನು ಅವನನ್ನು ಕೂರಿಸಿದೆ. ಅಧ್ಯಕ್ಷರು ನನ್ನನ್ನು ನೋಡಿದರು, ನಾನು ಟಿವಿಯನ್ನು ನೋಡಿದೆ. ಅದು ಆರಿತ್ತು.

"ಏನ್ರಿ ಟೀಚರ್ ಇದು?" ಎಂದು ಅವರು ಕಡೆಗೆ ಕೇಳಿದರು.

ಟೀಚರ್ ಸುಮ್ಮನೆ ನಿಂತಿದ್ದರೆ ಪೆಟ್ಟಿಗೆ ಸೋತಂತೆಯೇ ಆಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದೂ ಅದೇ. ಆದರೆ ತಪ್ಪು ಎಣಿಸುವ ಮಗುವನ್ನು ನೋಡುತ್ತಾ ನಿಲ್ಲುವುದು ಅವಳಿಗೆ ಆಗಲಿಲ್ಲವೆಂದು ತೋರುತ್ತದೆ. ಮೇಜಿನ ಹತ್ತಿರ ಬಂದಳು.

"ಈಗ ಮಾತಾಡಬಹುದೇನ್ರಿ ಸಾವ್ಕಾರ್ರೆ?"

"ಮಾತಾಡಮ್ಮ."

ಅವಳು ಮೊದಲ ಹಣ್ಣನ್ನು ಜಡೆಯ ಹುಡುಗಿಯ ಕೈಗಿಟ್ಟಳು. "ಒಂದು. ಇದು ಯಾರು ತಿಂತಾರೆ?"

"ನಾನು."

ಎರಡನೆಯ ಹಣ್ಣನ್ನು ಹಿಡಿದುಕೊಂಡಳು. "ಟಿಂಗ್ ಎಲ್ಲೈತೆ? ಕರಿ, ಅದಕ್ಕೂ ಹಣ್ಣು ಕೊಡೋಣ."

ಹುಡುಗಿ ಸುತ್ತಲೂ ನೋಡಿದಳು. ಟಿವಿಯ ಹಿಂದೆಯೂ ಬಗ್ಗಿ ನೋಡಿದಳು. "ಇಲ್ಲ ಟೀಚರ್."

"ಬಾಯಿ ಐತಾ ಅದಕ್ಕೆ?"

"ಇಲ್ಲ."

"ಹಣ್ಣು ತಿನ್ನುತ್ತಾ?"

ಹುಡುಗಿ ತನ್ನ ಹಣ್ಣನ್ನು ನೋಡಿಕೊಂಡು ಬಹಳ ಯೋಚಿಸಿದಳು. "ಟಿಂಗ್ ತಿನ್ನಲ್ಲ."

"ತಿನ್ನದೋರಿಗೆ ಹಣ್ಣು ಯಾಕ ಇಡ್ಬೇಕು?" ಎಂದು ಟೀಚರ್ ಆ ಹಣ್ಣನ್ನು ಪಕ್ಕದ ಹುಡುಗನ ಕೈಗಿಟ್ಟಳು. "ಎರಡು."

ಹೀಗೆ ಒಂದೊಂದು ಕೈಗೆ ಒಂದೊಂದು ಹಣ್ಣು, ಒಂದೊಂದು ಅಂಕಿ. ಮಕ್ಕಳು ಗಂಟೆಯನ್ನು ಬಿಟ್ಟು ಅವಳ ಜೊತೆ ಎಣಿಸಿದರು. ಹನ್ನೆರಡಕ್ಕೆ ಮೇಜು ಬರಿದಾಯಿತು. ಹಣ್ಣು ಸಿಗದ ಒಬ್ಬ ಹುಡುಗ ಅಳುವ ಸಿದ್ಧತೆಯಲ್ಲಿದ್ದ. ಚೀಲದಿಂದ ಇನ್ನೊಂದು ಚಿಪ್ಪು ತೆಗೆಯಲು ಆಯಾಗೆ ಹೇಳಿದೆ.

"ಮತ್ತೆ ಅಜ್ಜ ಲಾಭ ಅಂದಿದ್ದು?" ಎಂದಳು ಜಡೆಯವಳು. ಅವಳು ಬಿಡುವ ಪೈಕಿ ಅಲ್ಲ.

"ಅಜ್ಜನ ಅಂಗಡಿಯಾಗೆ ಒಂದಕ್ಕೆ ಲಾಭ ಅಂತಾರೆ. ಆದರೆ ಅವರೂ ಒಂದು ಹಣ್ಣಿಗೆ ಒಂದೇ ಮಾತು ಆಡಿದ್ರು, ನೋಡಿದ್ಯಾ?"

"ಹೂಂ." ಹುಡುಗಿ ಅಧ್ಯಕ್ಷರ ಕಡೆ ತಿರುಗಿದಳು. "ನಿಂದು ಸರಿ ಐತೆ ಅಜ್ಜ."

ಅಧ್ಯಕ್ಷರು ಅದನ್ನು ಗಂಭೀರವಾಗಿ ಸ್ವೀಕರಿಸಿದರು.

ನನ್ನ ಕೋಣೆಯಲ್ಲಿ ಚಹಾ ಬಂತು. ಅವರು ಬಸಿಗೆ ಸುರಿದುಕೊಂಡು ಕುಡಿದರು. ಟೀಚರ್ ಬಾಗಿಲ ಹತ್ತಿರ ನಿಂತಿದ್ದಳು. ಕೂರು ಎಂದರೂ ಕೂರಲಿಲ್ಲ.

"ಎಂಟು ತಿಂಗಳು ಆ ಪೆಟ್ಟಿಗೆ ಹಾಡಿತಲ್ಲ ಮೇಡಂ, ಹುಡುಗ್ರು ಹೆಂಗೆ ತಿಳ್ಕಂಡಾರೆ ಅಂತ ಒಂದು ದಿನನಾದ್ರೂ ಕೇಳಿತೇನು?" ಎಂದರು ಅಧ್ಯಕ್ಷರು.

"ಇಲ್ಲ. ಅದಕ್ಕೆ ಅಂಥ ವ್ಯವಸ್ಥೆ ಇಲ್ಲ" ಎಂದೆ.

"ಈ ಹುಡುಗ್ರು ನಾಳೆ ದೊಡ್ಡವರಾಗಿ ನಮ್ಮಂಥೋರ ಅಂಗಡಿಗೇ ಗುಮಾಸ್ತರಾಗಿ ಬರೋರು. ನೂರು ಚೀಲ ಇಳಿಸಿ ಐವತ್ತು ಅಂದ್ರೆ ನಾನು ಯಾರನ್ನ ಹಿಡೀಲಿ? ಟಿಂಗ್ ಅನ್ನೋನ್ನ ಹುಡುಕ್ಕಂಡು ಹೋಗ್ಲಾ?" ಬಸಿಯನ್ನು ಕೆಳಗಿಟ್ಟರು. "ಟೀಚರ್ ಇರ್ಲಿ ಬಿಡ್ರಿ. ಪೆಟ್ಟಿಗೇನ ನಮ್ಮ ಗೋಡೌನ್‌ಗೆ ಕಳಿಸ್ರಿ, ಹಮಾಲರು ಕ್ರಿಕೆಟ್ ನೋಡ್ತಾರೆ."

"ಪೆಟ್ಟಿಗೆ ಇಲ್ಲೇ ಇರ್ಲಿ, ಶನಿವಾರ ಒಂದು ದಿನ ಹಾಕಿದ್ರೆ ಒಳ್ಳೇದ್ರಿ" ಎಂದಳು ಟೀಚರ್ ಬಾಗಿಲಿನಿಂದ. "ಬಾತುಕೋಳಿ ಕಂಡ್ರೆ ಹುಡುಗ್ರಿಗೆ ಭಾಳ ಪ್ರೀತಿ. ನಾನು ಪಕ್ಕದಾಗೆ ನಿಂತ್ಕೊಂತೀನಿ."

ಅಧ್ಯಕ್ಷರು ಎದ್ದು ನಿಂತರು. "ಆತು. ಇಟ್ಕೊಳ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಅವರ ಕಾರು ತಿರುವು ದಾಟಿದ ಮೇಲೂ ಟೀಚರ್ ಅಲ್ಲೇ ನಿಂತಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಕಿಟಕಿಯ ಕಡೆ ತಿರುಗಿ ಅವಳಿಗೆ ಅಷ್ಟು ಸಮಯ ಕೊಟ್ಟೆ. ಆಮೇಲೆ, "ನಿಮ್ಮ ತಂದೆಗೆ ಇವತ್ತೇ ಹೇಳು. ನಾಳೆಗೆ ಇಟ್ಟುಕೊಳ್ಳಬೇಡ" ಎಂದೆ.

"ಹೇಳ್ತೀನ್ರಿ ಮೇಡಂ. ಇವತ್ತು ಸ್ವಲ್ಪ ಮುಂಚೆ ಹೋಗ್ಲೇನ್ರಿ?"

"ಇಲ್ಲ" ಎಂದೆ. "ಕೊನೆಯ ಪಾಠ ನಿನ್ನದೇ ಇದೆ."

ಅವಳು ತರಗತಿಗೆ ಹೋದಳು.