ಹಡಗಿಗೆ ನಾಪಾಸಾದ ಇಬ್ಬರು

ಹಡಗಿನ ನೌಕರಿ ಮಾಡಬೇಕೆಂಬ ಆಸೆ ನನ್ನ ತಲೆಗೆ ಹೊಕ್ಕಿದ್ದು ಒಂದು ಚಡ್ಡಿಯಿಂದ.

ನಾನಾಗ ಆಳಂದದಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದೆ, ವಿಜ್ಞಾನ. ನಮ್ಮ ಮನೆ ಎದುರಿನ ಔಷಧಿ ಅಂಗಡಿಯವರ ಅಳಿಯ ಹಡಗಿನಲ್ಲಿ ಆಫೀಸರ್. ದೀಪಾವಳಿಗೆ ಬಂದವನು ಮೊಣಕಾಲು ಕಾಣುವ ಚಡ್ಡಿ ಹಾಕಿಕೊಂಡು ಬಜಾರೆಲ್ಲ ತಿರುಗಿದ. ಹಬ್ಬದ ದಿನ, ಅತ್ತೆ ಮಾವನ ಮುಂದೆ, ಚಡ್ಡಿ! ಬೇರೆ ಯಾವ ಅಳಿಯನಾಗಿದ್ದರೂ ಊರು ಒಂದು ತಿಂಗಳು ಮಾತಾಡುತ್ತಿತ್ತು. ಇವನಿಗೆ ಮಾತ್ರ ಎಲ್ಲರೂ "ಹಡಗಿನಾಗ ಇರ್ತಾರಲ್ರಿ, ಅವರಿಗಿ ಹಂಗೇ ರೂಢಿ" ಅಂತ ಮಾಫಿ ಕೊಟ್ಟುಬಿಟ್ಟರು. ಇಂಥ ನೌಕರಿ ಸಿಕ್ಕರೆ ಬಿಡಬಾರದು ಅನ್ನಿಸಿತು.

ಸಂಜೆ ಹೋಗಿ ಅವನನ್ನೇ ಕೇಳಿದೆ. ಅವನು ಗುಳಿಗೆ ಹಾಕಿಕೊಡುವ ಒಂದು ಕಾಗದದ ಪಾಕೀಟಿನ ಮೇಲೆ ಬರೆದುಕೊಟ್ಟ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಅರವತ್ತು ಪರ್ಸೆಂಟ್. ಇಂಗ್ಲಿಷಿನಲ್ಲಿ ಐವತ್ತು. ವಯಸ್ಸು ಇಪ್ಪತ್ತೈದರೊಳಗೆ. ಲಗ್ನ ಆಗಿರಬಾರದು. ಕನ್ನಡಕ ಇಲ್ಲದೆ ಕಣ್ಣು ಸಾಫ್ ಇರಬೇಕು. ಮೊದಲು ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ, ಕೊನೆಗೆ ಡಾಕ್ಟರರ ತಪಾಸಣೆ. ಎಲ್ಲಕ್ಕಿಂತ ಕೆಳಗೆ 'ಬಣ್ಣಗುರುಡು ನಡೆಯೋದಿಲ್ಲ' ಅಂತಿತ್ತು.

"ಇದೇನ್ರಿ?" ಅಂದೆ.

"ಅದೇನ್ ಯಾರಿಗೂ ಇರಂಗಿಲ್ಲ ಬಿಡಪ. ನೀ ಇಂಗ್ಲಿಷ್ ನೋಡ್ಕೊ."

ಅಪ್ಪನಿಗೆ ಆಳಂದದ ಬಜಾರಿನಲ್ಲಿ ಬಟ್ಟೆ ಅಂಗಡಿ. ಸುದ್ದಿ ಕೇಳಿ ಸೀರೆ ಮಡಚುತ್ತ ಮಡಚುತ್ತಲೇ ನಕ್ಕರು. "ಅಂಗಡ್ಯಾಗ ನೆಟ್ಟಗ ಒಂದು ಸೀರಿ ತೆಗದು ಕೊಡಾಕ ಬರಂಗಿಲ್ಲ, ಹಡಗ ನಡಸ್ತಾನಂತ!"

ಅವರು ಹೇಳಿದ್ದು ಖರೇನೇ. ಅಂಗಡಿಯಲ್ಲಿ ನನ್ನ ಹೆಸರು ಕೆಟ್ಟಿತ್ತು. ಗಿರಾಕಿ ಗಿಣಿಹಸಿರು ಕೇಳಿದರೆ ಕೇಸರಿ ತಂದು ಹರವುತ್ತಿದ್ದೆ. ಕೆಂಪು ಅಂಚಿಂದು ಅಂದರೆ ಕಂದು ಅಂಚಿಂದು ಇಳಿಸುತ್ತಿದ್ದೆ. ಒಮ್ಮೆ ಒಬ್ಬ ಮದುಮಗಳ ಅವ್ವ ಹಸಿರು ಸೀರೆ ಕೇಳಿದಾಗ ಮೂರು ಸಲ ಏಣಿ ಹತ್ತಿ ಮೂರು ಸಲವೂ ಬೇರೆಯದನ್ನೇ ತಂದೆ. ಗಿರಾಕಿ ಎದ್ದು ಹೋದರು. ಅಪ್ಪ ಕಪಾಳಕ್ಕೆ ಒಂದು ಕೊಟ್ಟು, "ಲಕ್ಷ್ಯ ಎಲ್ಲಿ ಇಟ್ಟೀಯಲೇ?" ಅಂದಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು. ನನ್ನ ಲಕ್ಷ್ಯ ಎಲ್ಲಿ ಹೋಗುತ್ತದೆ ಅಂತ ನಾನೇ ಹುಡುಕುತ್ತಿದ್ದೆ.

ಆದರೂ ಅಪ್ಪ ಬೇಡ ಅನ್ನಲಿಲ್ಲ. ಹತ್ತನೇ ತರಗತಿಯಲ್ಲಿ ನನಗೆ ಇಂಗ್ಲಿಷಿನಲ್ಲಿ ಬಂದಿದ್ದು ನಲವತ್ತೊಂದು. ಪಿಯುಸಿಯಲ್ಲಿ ಐವತ್ತು ದಾಟಲೇಬೇಕು. ಹಾಗಾಗಿ ಸಂಕ್ರಾಂತಿ ಸುತ್ತಿನ ರಜೆಗೆ ನನ್ನನ್ನು ಜೇವರ್ಗಿ ಕಡೆಯ ಕೊಳಕೂರಿಗೆ ಕಳಿಸಿದರು. ಅಲ್ಲಿ ಅಪ್ಪನ ಅಕ್ಕ ಇದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕಲಿಸುವ ಚಟ ಮಾತ್ರ ನಿವೃತ್ತಿ ಆಗಿರಲಿಲ್ಲ.

ಅತ್ತೆಯ ಮನೆಯಲ್ಲಿ ರೊಟ್ಟಿ ಬೇಕಾದರೂ ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಮಾಡಿ ಕೇಳಬೇಕು. ವ್ಯಾಕರಣ ತಪ್ಪಿದರೆ ರೊಟ್ಟಿ ಅರ್ಧ ದಾರಿಗೆ ಬಂದು ವಾಪಸು ಹೋಗುತ್ತಿತ್ತು. ಮೊದಲ ಎರಡು ದಿನ ನಾನು ಅನ್ನವನ್ನೇ ಉಂಡೆ. ಅದು ತಾಟಿಗೆ ತಾನೇ ಬೀಳುತ್ತಿತ್ತು, ಕೇಳುವ ತಾಪತ್ರಯ ಇರಲಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಮೊರದ ತುಂಬ ತೊಗರಿ ಹಸನು ಮಾಡುತ್ತ ಅತ್ತೆ ಸಂದರ್ಶನ ತೆಗೆದುಕೊಳ್ಳುತ್ತಿದ್ದರು. ನಾನು ಎದುರಿಗೆ ಕೈಕಟ್ಟಿ ನಿಲ್ಲಬೇಕು.

ಒಂದು ದಿನ ಇಂಗ್ಲಿಷ್ ಬಿಟ್ಟು ಕೇಳಿದರು, "ಹಡಗ ಮುಳುಗಿದರ ಏನ್ ಮಾಡ್ತಿ?"

"ಈಸ್ತೇನಿ."

"ಈಸು ಬರ್ತದೇನು?"

"ಇಲ್ರಿ ಅತ್ತಿ."

ಅತ್ತೆ ಮೊರ ಕೆಳಗಿಟ್ಟರು. ಷರತ್ತು ಬರೆದಿದ್ದ ನನ್ನ ಪಾಕೀಟು ಕಸಿದುಕೊಂಡು, ಅದರ ಮೇಲೆ ಪೆನ್ನಿನಿಂದ ಇನ್ನೊಂದು ಸಾಲು ಸೇರಿಸಿದರು: ಈಜು ಬರಬೇಕು. ಹಡಗಿನ ಯಾವ ಅಕಾಡೆಮಿಯೂ ಕೇಳಿರದ ಈ ಷರತ್ತಿಗಾಗಿ ಮರುವಾರ ನಾನು ಅಫಜಲಪುರದ ಬಸ್ಸು ಹತ್ತಿದೆ.

ಅಫಜಲಪುರದ ಹತ್ತಿರ ಭೀಮಾ ದಂಡೆಯ ಒಂದು ಹಳ್ಳಿ ನನ್ನ ಅವ್ವನ ತವರು. ಅಲ್ಲಿ ಮುತ್ಯಾ, ಆಯಿ ಅಂದರೆ ಅವ್ವನ ಅಪ್ಪ ಅವ್ವ, ಸೋದರಮಾವನ ಜೊತೆ ಇದ್ದರು. ಮುತ್ಯಾ ನನ್ನ ಬೆನ್ನಿಗೆ ಎರಡು ಖಾಲಿ ಎಣ್ಣೆ ಡಬ್ಬಿ ಕಟ್ಟಿ ಹೊಳೆಗೆ ನೂಕಿದರು. ತಾವು ದಂಡೆಯ ಮೇಲೆ ಕೋಲು ಹಿಡಿದು ನಿಂತು, ನಾನು ದಂಡೆಯ ಹತ್ತಿರ ಬಂದಾಗಲೆಲ್ಲ ಅದರಿಂದಲೇ ವಾಪಸು ದಬ್ಬಿದರು. ನಾಲ್ಕನೇ ದಿನ ಒಂದು ಡಬ್ಬಿ ಬಿಚ್ಚಿದರು, ಆರನೇ ದಿನ ಇನ್ನೊಂದು. "ಇನ್ನ ಹಡಗ ಮುಳುಗಿದರ ಮುಳುಗವಲ್ದ್ಯಾಕ, ನೀ ಮುಳುಗಂಗಿಲ್ಲ" ಅಂತ ಪಾಸು ಮಾಡಿದರು.

ಪಿಯುಸಿ ಆಯಿತು. ಇಂಗ್ಲಿಷಿನಲ್ಲಿ ಐವತ್ಮೂರು ಬಂತು. ಅತ್ತೆ ಫೋನಿನಲ್ಲಿ "ಬರೇ ಮೂರು ಹೆಚ್ಚು?" ಅಂತ ಬೈದು, ಆಮೇಲೆ ಓಣಿಗೆಲ್ಲ ಪೇಢೆ ಹಂಚಿದರಂತೆ. ಪ್ರವೇಶ ಪರೀಕ್ಷೆಯೂ ಪಾಸಾಯಿತು. ಮುಂಬೈಯ ಒಂದು ತರಬೇತಿ ಸಂಸ್ಥೆಯಿಂದ ಸಂದರ್ಶನಕ್ಕೆ ಕರೆ ಬಂತು. ಅಪ್ಪ ಮೂರು ದಿನ ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಬಂದರು.

ಮೇಜಿನ ಆಚೆ ಮೂರು ಜನ ಕೂತಿದ್ದರು. ನಡುವಿನವರು ಕೇಳಿದರು, "ಸಮುದ್ರ ನೋಡಿದ್ದೀಯಾ?"

ಅತ್ತೆ ಕಲಿಸಿದ ಹಾಗೆ ಪೂರ್ತಿ ವಾಕ್ಯದಲ್ಲಿ ಹೇಳಿದೆ: "ಇಲ್ಲ ಸರ್, ನಾನು ಇದುವರೆಗೆ ಸಮುದ್ರವನ್ನು ನೋಡಿಲ್ಲ. ಆದರೆ ನಾನು ಭೀಮಾ ನದಿಯನ್ನು ನೋಡಿದ್ದೇನೆ."

ಮೂವರೂ ನಕ್ಕರು. ಹೆದರಿಕೆ ಆಯಿತು. ಆದರೆ ಸಂಜೆ ಹಚ್ಚಿದ ಪಟ್ಟಿಯಲ್ಲಿ ನನ್ನ ನಂಬರು ಇತ್ತು. ಇನ್ನು ಉಳಿದಿದ್ದು ಡಾಕ್ಟರರ ತಪಾಸಣೆ ಒಂದೇ.

ಮರುದಿನ ಎತ್ತರ, ತೂಕ, ಹಲ್ಲು, ಕಿವಿ, ಎದೆ ಎಲ್ಲ ನೋಡಿದರು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನ ತನಕ ಓದಿದೆ. "ಕಣ್ಣು ಹದ್ದಿನಂಗ ಅವ" ಅಂತ ಅಪ್ಪ ಹಿಗ್ಗಿದರು. ಆಮೇಲೆ ಡಾಕ್ಟರ್ ಒಂದು ಸಣ್ಣ ಪುಸ್ತಕ ತೆಗೆದರು. ಪುಟದ ತುಂಬ ಬಣ್ಣದ ಚುಕ್ಕೆ. ಚುಕ್ಕೆಗಳ ನಡುವೆ ಒಂದು ಅಂಕಿ ಇರುತ್ತದೆ, ಓದು ಅಂದರು.

"ಹನ್ನೆರಡು."

ಪುಟ ತಿರುವಿದರು. "ಮೂರು," ಅಂದೆ. ಡಾಕ್ಟರ್ ನನ್ನ ಮುಖ ನೋಡಿದರು. ಇನ್ನೊಂದು ಪುಟ. ಅದರಲ್ಲಿ ಏನೂ ಇರಲಿಲ್ಲ. ಮತ್ತೊಂದರಲ್ಲೂ ಇಲ್ಲ. ಅಚ್ಚು ಹಾಕುವವರು ಮರೆತಿರಬೇಕು ಅಂದುಕೊಂಡು, ವಿನಯದಿಂದ ತಿಳಿಸಿದೆ: "ಸರ್, ಈ ಪುಟದಲ್ಲಿ ಅಂಕಿ ಇಲ್ಲ. ಇದು ಬರೀ ಡಿಸೈನ್."

ಡಾಕ್ಟರ್ ಪುಸ್ತಕವನ್ನು ಅಪ್ಪನ ಕಡೆ ತಿರುಗಿಸಿದರು. ಅಪ್ಪ ಬಟ್ಟೆಯ ಥಾನಿನ ಮೇಲಿನ ನಂಬರು ಓದುವ ಹಾಗೆ ಪಟಪಟ ಓದಿದರು. "ಎಂಟು. ಇಪ್ಪತ್ತೊಂಬತ್ತು. ಐದು. ಇದು ಎಪ್ಪತ್ನಾಲ್ಕು." ಓದಿ ನನ್ನ ಕಡೆ ತಿರುಗಿದರು. "ಇಷ್ಟ ದೊಡ್ಡದಾಗಿ ಬರದಾರ, ಕಾಣವಲ್ದೇನು ನಿನಗ?"

"ಇಲ್ಲಪ್ಪ."

ಡಾಕ್ಟರ್ ಅಪ್ಪನಿಗೆ ಹಿಂದಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಕತ್ತಲಲ್ಲಿ ಎದುರಿನ ಹಡಗು ಯಾವ ಕಡೆ ಮುಖ ಮಾಡಿದೆ ಅಂತ ಗೊತ್ತಾಗುವುದು ಅದರ ಕೆಂಪು ದೀಪ, ಹಸಿರು ದೀಪದಿಂದ. ನಿಮ್ಮ ಹುಡುಗನಿಗೆ ಆ ಎರಡು ಬಣ್ಣ ಬೇರೆಬೇರೆ ಕಾಣುವುದಿಲ್ಲ. ಹುಟ್ಟಿನಿಂದ ಬಂದದ್ದು, ಔಷಧಿ ಇಲ್ಲ. ಗಂಡುಮಕ್ಕಳಿಗೆ ಇದು ತಾಯಿಯ ಕಡೆಯಿಂದ ಬರುತ್ತದೆ.

ಇಬ್ಬರೂ ಹೊರಗೆ ಬಂದೆವು. "ಬಂದದ್ದಂತೂ ಬಂದೇವಿ, ಸಮುದ್ರ ನೋಡಿ ಹೋಗೂಣು ಬಾ," ಅಂದರು ಅಪ್ಪ. ಹೋದೆವು. ಅದು ಇಳಿತದ ಹೊತ್ತು. ನೀರು ಎಲ್ಲೋ ದೂರ ಹೋಗಿತ್ತು. ಮುಂದೆಲ್ಲ ಕರೀ ರಾಡಿ, ಅದರಲ್ಲಿ ಎರಡು ನಾಯಿ ಓಡಾಡುತ್ತಿದ್ದವು. ಅಪ್ಪ ಸ್ವಲ್ಪ ಹೊತ್ತು ನೋಡಿ, "ಇದಕ್ಕೇನಲೇ ಇಷ್ಟ ಬಡದಾಡಿದ್ದು?" ಅಂದರು. ಅಳು ಬರುತ್ತಿದ್ದವನಿಗೆ ನಗು ಬಂತು.

ವಾಪಸು ಬರುವಾಗ ಅಪ್ಪ ರೈಲಿನಲ್ಲಿ ಪರೀಕ್ಷೆ ಶುರು ಮಾಡಿದರು. ಆ ಪೆಟ್ಟಿಗೆ ಯಾವ ಬಣ್ಣ? ಎದುರು ಕೂತ ಆ ಬಾಯಾರ ಸೀರಿ? ಸಿಗ್ನಲ್? ಸಿಗ್ನಲ್ಲಿನ ಮೇಲಿನ ದೀಪ ಕೆಳಗಿನ ದೀಪ ನೋಡಿ ಹೇಳುತ್ತೇನೆ ಅಂದಾಗ ಅವರು ಬಾಯಿ ತೆರೆದು ಕೂತರು. ಸೊಲ್ಲಾಪುರ ದಾಟಿದ ಮೇಲೆ ಪ್ರಶ್ನೆ ನಿಂತವು. ಆಮೇಲೆ, "ಅವತ್ತ ಆ ಹಸರ ಸೀರಿಗಿ ನಿನಗ ಹೊಡದಿದ್ದೆ ನೋಡು," ಅಂದರು. ಕಲಬುರಗಿಯಲ್ಲಿ ಇಳಿದ ತಕ್ಷಣ ನನಗೆ ಒಂದು ಪ್ಲೇಟ್ ಚುರುಮುರಿ ಸುಸಲಾ ಕೊಡಿಸಿದರು. ಅದು ಮುಗಿಯುವ ಮೊದಲೇ ಇನ್ನೊಂದು ಪ್ಲೇಟ್ ಹೇಳಿದರು. ಮಿರ್ಚಿ ಭಜಿ ಬೇರೆ.

ಮನೆಯಲ್ಲಿ ಅಪ್ಪ ಅವ್ವನಿಗೆ ಎಲ್ಲ ಹೇಳಿದರು. "ಇದು ತಾಯಿ ಕಡಿಂದ ಬರ್ತದಂತ" ಅನ್ನುವುದನ್ನು ಎರಡು ಸಲ ಹೇಳಿದರು. ಅವ್ವ ಕೆರಳಿದಳು.

"ನಮ್ಮ ತವರಮನ್ಯಾಗ ಯಾರಿಗೂ ಹಂಥಾದ್ದಿಲ್ಲ. ಬೇಕಾದರ ನಡೀರಿ, ತೋರಿಸ್ತೇನಿ!"

ಮರುದಿನವೇ ಅಫಜಲಪುರದ ಬಸ್ಸು. ನಾನು ಅದೇ ಚುಕ್ಕೆಯ ಚಿತ್ರಗಳನ್ನು ಮೊಬೈಲಿನಲ್ಲಿ ಹುಡುಕಿ ಇಟ್ಟುಕೊಂಡಿದ್ದೆ. ತವರಿನ ಪಡಸಾಲೆಯಲ್ಲಿ ಚಹಾ ಕುಡಿಯುವ ಮೊದಲೇ ತಪಾಸಣೆ ನಡೆಯಿತು. ಸೋದರಮಾವ ಎಲ್ಲ ಅಂಕಿ ಓದಿದ. ಅವ್ವ ಓದಿದಳು, ಓದಿ ಅಪ್ಪನ ಕಡೆ ಹುಬ್ಬು ಹಾರಿಸಿದಳು. ಕೊನೆಗೆ ಮೊಬೈಲು ಮುತ್ಯಾನ ಕೈಗೆ ಹೋಯಿತು.

"ಹನ್ನೆರಡು," ಅಂದರು ಮುತ್ಯಾ. ಮುಂದಿನ ಚಿತ್ರ ಬಂತು. ದೂರ ಹಿಡಿದರು, ಹತ್ತಿರ ಹಿಡಿದರು. "ಇದು ರಂಗೋಲಿ ಅದ."

ಒಳಗಿನಿಂದ ಆಯಿ ರೊಟ್ಟಿ ಬಡಿಯುವ ಸಪ್ಪಳ ನಿಲ್ಲಿಸಿ ಕೂಗಿದರು: "ಅವರಿಗ್ಯಾಕ ತೋರಿಸ್ತೀರಿ? ಅವರಿಗಿ ಕೆಂಪ ಹಸರ ಎಲ್ಲಾ ಒಂದೇ."

ಅವ್ವ ಎದ್ದು ಅಡುಗೆಮನೆ ಬಾಗಿಲಿಗೆ ಹೋದಳು. "ನಿನಗ ಗೊತ್ತಿತ್ತೇನವ್ವಾ?"

"ಗೊತ್ತಿಲ್ಲದೇನು? ಲಗ್ನಾಗಿ ಈ ಮನಿಗಿ ನಡಿಯಾಕ ಬಂದ ಹೊಸದಾಗ ರಂಜಕ ಚಟ್ನಿ ಕುಟ್ಟಬೇಕಂತ ಕೆಂಪ ಮೆಣಸಿನಕಾಯಿ ಹರಕೊಂಡ ಬರ್ರಿ ಅಂದಿದ್ದೆ. ಉಡಿ ತುಂಬ ಹಸರವು ತಂದ್ರು. ಚಾಷ್ಟಿ ಮಾಡ್ತಾರ ಅನ್ಕೊಂಡೆ. ಎರಡನೇ ಸಲಾನೂ ಹಂಗೇ ತಂದಾಗ ತಿಳೀತು. ಆಮ್ಯಾಲ ನಾನೇ ಹೊಲಕ್ಕ ಹೋಗಿ ಹರಕೊಂಡ ಬಂದೆ."

"ಯಾರಿಗೂ ಯಾಕ ಹೇಳಲಿಲ್ಲ?"

"ಯಾರ ಕೇಳಿದ್ರು?" ಅಂದು ಆಯಿ ಮತ್ತೆ ರೊಟ್ಟಿ ಬಡಿಯತೊಡಗಿದರು.

ಆಗ ನನಗೆ ಒಂದೊಂದೇ ನೆನಪಾಗತೊಡಗಿತು. ಸಂತೆಯಲ್ಲಿ ಮುತ್ಯಾ ಟೊಮೆಟೊ ಒತ್ತಿ ನೋಡುವುದು, ಪೇರಲ ಹಣ್ಣು ಮೂಗಿಗೆ ಹಿಡಿಯುವುದು, ಆಯಿ ಪಕ್ಕದಲ್ಲಿ ನಿಂತು ಮಾತಿಲ್ಲದೆ ಒಂದೊಂದನ್ನು ಬುಟ್ಟಿಯಿಂದ ವಾಪಸು ತೆಗೆದಿಡುವುದು. ಇದು ಅವರ ವ್ಯಾಪಾರದ ಚಾಲಾಕಿ ಅಂತ ನಾವೆಲ್ಲ ನಂಬಿದ್ದೆವು.

ಮುತ್ಯಾ ಇನ್ನೂ ಮೊಬೈಲು ಹಿಡಿದೇ ಕೂತಿದ್ದರು. ಅಡುಗೆಮನೆ ಕಡೆ ಒಮ್ಮೆ ನೋಡಿದರು. "ಎಲ್ಲಾರಿಗೂ ಹಿಂಗೇ ಕಾಣ್ತದ, ಹೆಣ್ಮಕ್ಕಳಿಗಿ ಅಷ್ಟೇ ಗುರ್ತ ಸಿಗ್ತದ ಅನ್ಕೊಂಡಿದ್ದೆ ನಾ," ಅಂದರು ಮೆಲ್ಲಗೆ. ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದಿ, "ಹಂಗಾದರ ನಾನೂ ನಾಪಾಸ್ ಅನ್ನು!" ಅಂತ ನಕ್ಕರು.

ಸಂಜೆ ಚಹಾದ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಕೂತಿದ್ದ ಗೆಳೆಯರಿಗೆಲ್ಲ, "ನಮ್ಮಿಬ್ಬರಿಗೂ ಹಡಗಿಗಿ ತಗೋಳಂಗಿಲ್ಲ ಅಂದ್ರು ನೋಡ್ರಿ. ನಮ್ಮ ಕಣ್ಣ ಭಾಳ ಬ್ಯಾರೆ ಅವಂತ," ಅಂತ ಮಹಾ ಪ್ರಶಸ್ತಿ ಬಂದವರ ಹಾಗೆ ಸಾರಿದರು. ಒಬ್ಬನೇ ನಾಪಾಸಾಗಿದ್ದ ಭಾರ ಅವತ್ತು ಅರ್ಧ ಇಳಿಯಿತು. ಉಳಿದರ್ಧ ಇಳಿಯಲಿಕ್ಕೆ ಒಂದೆರಡು ವರ್ಷವೇ ಬೇಕಾಯಿತು. ಟಿವಿಯಲ್ಲಿ ಹಡಗು ಕಂಡರೆ ಎದ್ದು ಹೋಗುತ್ತಿದ್ದೆ.

ಅಪ್ಪ ಅಂಗಡಿಯಲ್ಲಿ ನನ್ನನ್ನು ಸೀರೆಯಿಂದ ಧೋತರಕ್ಕೆ ಬದಲಿ ಮಾಡಿದರು. ಅಲ್ಲಿ ಎಲ್ಲವೂ ಬಿಳಿ. ಒಂದೇ ವಾರದಲ್ಲಿ ನಾನು ಹುಷಾರ್ ವ್ಯಾಪಾರಿ ಅನ್ನಿಸಿಕೊಂಡೆ. ಆದರೆ ಓದು ಬಿಡಲಿಲ್ಲ. ಬಿಎಸ್ಸಿ ಮುಗಿಸಿ, ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಎಮ್ಮೆಸ್ಸಿ ಮಾಡಿ, ಈಗ ಜೇವರ್ಗಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬೆಳಕಿನ ಪಾಠದಲ್ಲಿ ಏಳು ಬಣ್ಣ ಬರೆಯುವಾಗ ಸೀಮೆಸುಣ್ಣದ ಪೆಟ್ಟಿಗೆಯನ್ನು ಮಕ್ಕಳ ಕೈಗೇ ಕೊಟ್ಟುಬಿಡುತ್ತೇನೆ.

ಹೋದ ವರ್ಷ ನಮ್ಮ ಕಾಲೇಜಿನ ಒಬ್ಬ ಹುಡುಗಿ ಹಡಗಿನ ಅಕಾಡೆಮಿಯ ಅರ್ಜಿ ಹಿಡಿದು ಬಂದಳು. ಆಳಂದ ಕಡೆಯ ಮಟಕಿ ಊರಿನವಳು, ಜೇವರ್ಗಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಅರ್ಜಿ ಪಕ್ಕಕ್ಕಿಟ್ಟು ಮೊದಲು ಚುಕ್ಕೆಯ ಚಿತ್ರದ ಪುಸ್ತಕ ತೋರಿಸಿದೆ. ನನಗೆ ಇವತ್ತಿಗೂ ಕಾಣದ ಅಂಕಿಗಳನ್ನು ಒಂದೇ ಉಸಿರಿಗೆ ಓದಿದಳು. ಸರಿಯೋ ತಪ್ಪೋ ತಿಳಿಯಲು ನಾನು ಹಿಂದಿನ ಪುಟದ ಉತ್ತರ ನೋಡಬೇಕಾಯಿತು.

ಅವಳ ಆಯ್ಕೆ ಆಯಿತು. ಹೊರಡುವ ದಿನ ಕಲಬುರಗಿ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಅವಳ ಅವ್ವ ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಬೋಗಿಯೊಳಗೆ ಕೊಟ್ಟು, "ಸರ್, ಹಡಗಿನಾಗ ನೆರೆಹೊರೆ ಹೆಂಗ ಇರ್ತದ್ರಿ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ.

"ಚಲೋ ಇರ್ತದ್ರಿ ಬಾಯಾರ," ಅಂದೆ.

ರೈಲು ಹೊರಟಿತು. ಹುಡುಗಿ ಕಿಟಕಿಯಿಂದ ಕೈ ಬೀಸುತ್ತಲೇ ಇದ್ದಳು. ಅವಳ ಅವ್ವ ಕಣ್ಣೊರೆಸಿಕೊಂಡರು. ನನಗೆ ಮಧ್ಯಾಹ್ನ ಎರಡು ಕ್ಲಾಸು ಇದ್ದವು. ಓಡಿಹೋಗಿ ಜೇವರ್ಗಿ ಬಸ್ಸು ಹಿಡಿದೆ.