ಹೊಸ ಕುಲದ ಮುಚ್ಚಳ

ಶಂಖದಿಂದ ಬಿದ್ದದ್ದೆಲ್ಲ ತೀರ್ಥವಾಗುವುದಿಲ್ಲ. ಪಾಂಗ್ಲಾವ್ ದ್ವೀಪದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ತೆಯೊದುಲ್ಫೊ ಫುದಾಲನ್ ಮೇಷ್ಟ್ರು, ಮನಿಲಾದಿಂದ ಬಂದಿದ್ದ ಶಂಖತಜ್ಞೆ ಡಾಕ್ಟರ್ ಇಲಾಗನ್ ಅವರಿಗೆ ತೋರಿಸಲೆಂದು ತಮ್ಮ ಅಮೂಲ್ಯ ಶಂಖವನ್ನು ತುಸು ಓರೆ ಮಾಡಿದರು. ಅದರ ಬಾಯಿಗಿದ್ದ ಮುಚ್ಚಳ ಕಳಚಿ ಆಕೆಯ ಬಿಸಿ ಕೋಕೋ ಲೋಟದೊಳಗೆ ಬುಳುಕ್ಕೆಂದು ಮುಳುಗಿತು. ಹಿಂದೆಯೇ ಒಂದು ಹತ್ತಿಯ ಉಂಡೆ ಮೇಷ್ಟ್ರ ಅಂಗೈಗೆ ಬಿತ್ತು.

ಡಾಕ್ಟರು ಚಮಚದಿಂದ ಮುಚ್ಚಳವನ್ನು ಎತ್ತಿ, ಒರೆಸಿ, ತಿರುಗಿಸಿ ನೋಡಿದರು.

"ಗೋಂದು ಇದೆಯಲ್ಲ ಮೇಷ್ಟ್ರೇ. ಸಮುದ್ರದ ಅಷ್ಟು ಆಳದಲ್ಲಿ ಗೋಂದಿನಂಗಡಿ ಯಾರಿಟ್ಟಿದ್ದಾರೆ?"

"ಸಡಿಲಾಗಿತ್ತೇನೋ ಮೇಡಂ. ತೊಳೆಯೋರು ಮತ್ತೆ ಅಂಟಿಸಿರ್ತಾರೆ. ಇದರದ್ದೇ ಮುಚ್ಚಳ, ಆಣೆಗೂ ಇದರದ್ದೇ."

"ಹಾಗಾದ್ರೆ ಅಂಟಿಸಿದವರನ್ನೇ ಕೇಳ್ಕೊಂಡು ಬನ್ನಿ. ಐದಕ್ಕೆ ನನ್ನ ಹಡಗು."

ಆ ಮುಚ್ಚಳದ ಮೇಲೆ ಮೇಷ್ಟ್ರ ಇಪ್ಪತ್ತೆರಡು ವರ್ಷ ಕೂತಿತ್ತು. ನೂರಿಪ್ಪತ್ತು ಮಾರು ಆಳಕ್ಕೆ ಇಳಿಬಿಟ್ಟ ಬಲೆಗೆ ತೊಡರಿ ಬರುವ ಶಂಖಗಳನ್ನು ಊರವರು ಮಾರುವುದಕ್ಕೆ ತಂದರೆ, ಇವರು ಅಳೆಯುವುದಕ್ಕೆ ತರುತ್ತಿದ್ದರು. ಹೆಣ್ಣು ಕೇಳಲು ಹೋದ ಮನೆಯಲ್ಲಿ ಭಾವೀ ಅತ್ತೆಯ ಓಲೆಯ ಚಿಪ್ಪಿಗೆ ಕುಲಗೋತ್ರ ಹೇಳುತ್ತ ಕೂತು, ಕೇಳಬೇಕಾದದ್ದನ್ನು ಕೇಳದೆ ಎದ್ದು ಬಂದವರು. ಆಮೇಲೆ ಅವರು ವಿಚಾರಿಸಿದ ಕುಲವೆಲ್ಲ ಶಂಖಗಳದ್ದೇ. ನಿಯಮ ಕಟ್ಟುನಿಟ್ಟು: ಮುಚ್ಚಳವಿಲ್ಲದ ಶಂಖವನ್ನು ಮುಟ್ಟುತ್ತಿರಲಿಲ್ಲ.

ಈ ಶಂಖದ್ದು ಗೋಪುರದಂಥ ತೆಳು ಚಿಪ್ಪು. ಅಂಥ ಚಿಪ್ಪಿನ ಬಸವನಹುಳುಗಳಿಗೆಲ್ಲ ಒಳಸರಿದು ಬಾಯಿ ಮುಚ್ಚಿಕೊಳ್ಳಲು ಉಗುರಿನಷ್ಟು ತೆಳ್ಳನೆಯ ಮುಚ್ಚಳವಿರುತ್ತದೆ. ಇದಕ್ಕೆ ಮಾತ್ರ ಕಲ್ಲಿನಂಥ ದಪ್ಪ ಮುಚ್ಚಳ. ಆದ್ದರಿಂದ ಇದು ಹೊಸ ಕುಲವೇ ಸರಿ ಎಂದು ನಲವತ್ತು ಪುಟ ಬರೆದಿದ್ದರು. ಡಾಕ್ಟರು ಹೂಂ ಎಂದರೆ ಅಚ್ಚಾಗುತ್ತದೆ. ಇನ್ನೊಂದು ಶಂಖ ಸಿಗುವವರೆಗೆ ಕಾಯುವಂತಿರಲಿಲ್ಲ. ಮೇಷ್ಟ್ರ ಕಣ್ಣಿನ ನರ ಒಣಗುತ್ತಿದೆ, ಬರುವ ವರ್ಷ ಚಿಪ್ಪಿನ ಗೆರೆ ಎಣಿಸುವುದು ಆಗದ ಮಾತು ಎಂದು ವೈದ್ಯರು ಹೇಳಿಬಿಟ್ಟಿದ್ದರು.

ಮೇಷ್ಟ್ರು ಓಡಿದ್ದು ಶಂಖ ತೊಳೆಯುವ ಮುದುಕಿ ತೆಕ್ಯಾಳ ಅಂಗಳಕ್ಕೆ. ಅವಳು ಶಂಖಗಳನ್ನು ಮರಳಲ್ಲಿ ಹೂತು, ಇರುವೆಗಳಿಂದ ಮಾಂಸ ತಿನ್ನಿಸಿ, ಒಳಗೆ ಹತ್ತಿ ತುರುಕಿ, ಬಾಯಿಗೆ ಮುಚ್ಚಳ ಕೂರಿಸಿ ಕೊಡುವವಳು.

"ಏನು ಮೇಷ್ಟ್ರೇ, ಮುಖ ನಿನ್ನೆಯ ಮೀನಿನ ಹಾಗಾಗಿದೆ? ಕೂತ್ಕೊಳ್ಳಿ, ಬೇಯಿಸಿದ ಬಾಳೆಕಾಯಿ ಇದೆ."

"ಬಾಳೆಕಾಯಿ ಆಮೇಲೆ, ಅಕ್ಕ. ಈ ಮುಚ್ಚಳ ಈ ಶಂಖದ್ದೇ ತಾನೆ? ಬಿದ್ದದ್ದನ್ನ ನೀನು ಮತ್ತೆ ಅಂಟಿಸಿದ್ದು ತಾನೆ? ಹೂಂ ಅನ್ನು."

ತೆಕ್ಯಾ ತುಟಿ ಚಾಚಿ ಮೂಲೆಯಲ್ಲಿದ್ದ ಹಾಲುಪುಡಿ ಡಬ್ಬಿಯನ್ನು ತೋರಿಸಿದಳು. "ಇರುವೆ ತಿಂದು ಉಳಿದ ಮುಚ್ಚಳ ಎಲ್ಲಾ ಅದಕ್ಕೇ ಹಾಕೋದು. ಯಾವ ಬಾಯಿಗೆ ಯಾವುದು ಹೊಂದುತ್ತೋ ಅದು. ಇದನ್ನ ಅಂಚು ತೇಯ್ದು ಕೂರಿಸಿದ್ದೀನಿ ನೋಡಿ, ನನ್ನ ಹಲ್ಲಿನ ಸೆಟ್ಟೂ ಹೀಗೆ ಕೂತಿಲ್ಲ."

ಮೇಷ್ಟ್ರು ಮಂಡಿಯೂರಿ ಡಬ್ಬಿಯನ್ನು ಚಾಪೆಯ ಮೇಲೆ ಸುರಿದರು. ಅಂಥದೇ ಇನ್ನೊಂದು ಅದರಲ್ಲಿ ಇರದಿದ್ದರೆ, ಇದು ಈ ಶಂಖದ್ದೇ ಇದ್ದರೂ ಇರಬಹುದು. ಜೀವಮಾನವೆಲ್ಲ ಸಿಗಲಿ ಸಿಗಲಿ ಎಂದು ಹುಡುಕಿದವರು ಈಗ, ತಾಯಿ ಮರಿಯಾ, ಸಿಗದಿರಲಿ ಎನ್ನುತ್ತ ಹುಡುಕಿದರು. ಕಣ್ಣು ಮಂಜಾದಾಗ ಬೆರಳಿನಿಂದ ತಡವಿದರು. ಒಂದು ಸಿಕ್ಕಿತು. ಮತ್ತೊಂದು. ಅದೇ ಸುಳಿ, ಅದೇ ದಪ್ಪ. ಹನ್ನೊಂದನೆಯದು ಸಿಕ್ಕಾಗ ಎಣಿಸುವುದನ್ನು ಬಿಟ್ಟರು.

"ಅವು ಗೊತ್ತಾಗಲಿಲ್ವ? ನಮ್ಮ ಭಾನುವಾರದ ಸಾರಿನ ಶಂಖದ್ದು," ಎಂದಳು ತೆಕ್ಯಾ. "ಹೋದ ವಾರ ನೀವೂ ಎರಡು ಬಟ್ಟಲು ಕುಡಿದ್ರಿ."

ಇಪ್ಪತ್ತೆರಡು ವರ್ಷ ಸಾರಾಗಿ ಹರಿದುಹೋಯಿತು. ಐದರೊಳಗೆ ಹಡಗುಕಟ್ಟೆಗೆ ಹೋಗಿ ಡಾಕ್ಟರಿಗೆ ಹೇಳಲೇಬೇಕು. ಮೇಷ್ಟ್ರು ಬರಿದಾದ ಶಂಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು:

"ಇಷ್ಟು ಶಂಖ ನಿನ್ನ ಕೈ ದಾಟಿ ಹೋಗ್ತವೆ. ಇದಕ್ಕೇ ಯಾಕೆ ಹಾಕಿದೆ ಅಕ್ಕ? ಖಾಲಿ ಬಾಯಲ್ಲೇ ತಂದುಕೊಡಬಾರದಾಗಿತ್ತ?"

"ತಂದುಕೊಟ್ಟಿದ್ದೆನಲ್ಲ ಇದನ್ನೇ, ಅಂಟಿಸೋದಕ್ಕೆ ಹಿಂದಿನ ವಾರ. ಮುಚ್ಚಳ ಇಲ್ಲ, ಬೇಡ ಅಂತ ನೀವೇ ವಾಪಸ್ ಕಳಿಸಿದ್ರಿ."